ಮಲ್ಲಯ್ಯನ ದಾಸೋಹದ ಮನೆಯಲ್ಲಿ ಮಳೆಗಾಲ ಕಳೆದ ಕುಂಬಳಕಾಯಿ

ಲಾಕ್‌ಡೌನ್ ಆದ ವರ್ಷ ನಮ್ಮ ಗದ್ದೆಯ ತುಂಬ ಸಿಹಿಗುಂಬಳ ಬಿದ್ದಿತ್ತು. ಕೊಳ್ಳುವವರು ಮಾತ್ರ ಒಬ್ಬರೂ ಇರಲಿಲ್ಲ.

ನಾನು ಕೊಡಗಿನ ಶನಿವಾರಸಂತೆ ಕಡೆಯವಳು. ಯಜಮಾನರು ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಗದ್ದೆಯನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಡು ಎಂದು ಭಾವ, ಅಂದರೆ ಯಜಮಾನರ ಅಣ್ಣ, ಹಟ ಹಿಡಿದಿದ್ದರು. ಶುಂಠಿ ಹಾಕಿದರೆ ಮಣ್ಣು ಸೋತುಹೋಗುತ್ತದೆ ಎಂದು ನಮ್ಮವರು ಬದುಕಿರುವವರೆಗೂ ಅದಕ್ಕೆ ಒಪ್ಪಿರಲಿಲ್ಲ. "ಒಂದು ಬೆಳೆ ನಾನೇ ಮಾಡಿ ಮಾರಿ ತೋರಿಸ್ತೀನಿ ಭಾವ. ಆಗ್ಲಿಲ್ಲಾಂದ್ರೆ ನೀವ್ ಹೇಳ್ದಂಗೆ" ಎಂದು ಮಾತು ಕೊಟ್ಟು, ಭತ್ತ ಕೊಯ್ದ ಗದ್ದೆಗೆ ಕುಂಬಳ ಹಾಕಿದ್ದೆ.

ಪ್ರತಿ ವರ್ಷ ಕಣ್ಣೂರು ಕಡೆಯಿಂದ ಲಾರಿ ತರುತ್ತಿದ್ದ ವ್ಯಾಪಾರಿ ಬಶೀರಣ್ಣ ಫೋನ್ ಮಾಡಿ, "ಅಕ್ಕಾ, ಬಾರ್ಡರಲ್ಲಿ ರೋಡಿಗೆ ಮಣ್ಣು ಹಾಕಿ ಮುಚ್ಚಿದ್ದಾರೆ. ಲಾರಿ, ವಂಡಿ ಏನೂ ಬರೋದಿಲ್ಲ. ನನ್ನ ಕಾಯ್ಬೇಡಿ" ಎಂದರು. ಸಂತೆಯೂ ಮುಚ್ಚಿತ್ತು. ಬಿಸಿಲಿಗೆ ಕಾಯಿಯ ಒಂದು ಮಗ್ಗುಲು ಸುಡತೊಡಗಿತು. ಮನೆಯೋ ಎರಡು ಕೋಣೆಯದು. ಜಗಲಿಯ ಮೇಲೆ, ಮಂಚದ ಕೆಳಗೆ ಎಲ್ಲ ಇಟ್ಟರೂ ಗದ್ದೆಯ ಒಂದು ಮೂಲೆಯೂ ಖಾಲಿಯಾಗಲಿಲ್ಲ. ಭಾವ ಬದುವಿನ ಮೇಲೆ ನಿಂತು, "ಮಳೆ ಹಿಡಿಯೋ ಹೊತ್ತಿಗೆ ಎಲ್ಲ ಗೊಬ್ಬರ ಆಗ್ತದೆ ನೋಡು" ಎಂದು ಹೋದರು.

ಆ ಸೋಮವಾರ ಮಲ್ಲಿಕಾರ್ಜುನನ ಗುಡಿಗೆ ಹೋದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕುಳಿತು ಜೋರಾಗಿಯೇ ಅತ್ತೆ. "ಅಪ್ಪಾ ಮಲ್ಲಯ್ಯ, ರೇಟು ಕೇಳಕ್ಕೆ ಬಂದಿಲ್ಲ ನಾನು. ನೀನೇ ಕೊಟ್ಟಿದ್ದು. ತಿನ್ನೋರ ಬಾಯಿಗೆ ಹೋಗ್ಲಿ, ಕೊಳೆಯಕ್ಕೆ ಬಿಡ್ಬೇಡ."

ಹಿಂದಿನಿಂದ ಯಾರೋ ಕೆಮ್ಮಿದರು. ಪೂಜೆಗೆ ಬಂದ ಅಯ್ಯನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.  ಗುಡಿಯ ಪಕ್ಕದ ದಾಸೋಹದ ಮನೆಯ ಬೀಗ ತೆಗೆದರು. "ಗೌರಮ್ಮ, ಮದುವೆ ಇಲ್ಲ, ಪಂಕ್ತಿ ಇಲ್ಲ, ಖಾಲಿ ಬಿದ್ದೈತೆ. ಇಲ್ಲಿ ತಂದಿಡು."

ನಾಲ್ಕು ದಿನ ಹೊತ್ತೆ. ತೊಟ್ಟು ಉಳಿಸಿ ಕೊಯ್ದು, ಹುಲ್ಲು ಹಾಸಿ, ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಸಾಲಾಗಿ ಇಟ್ಟೆ. ಕೊಯ್ದ ತೊಟ್ಟಿನ ಬಾಯಿ ಕೊಳೆಯದಂತೆ ಹಚ್ಚಲು ನಾನು ಒಲೆಯ ಬೂದಿ ತಂದಿದ್ದೆ. ಅಯ್ಯನವರು ಗುಡಿಯ ವಿಭೂತಿಯನ್ನೇ ಕದಡಿ ತಂದು ಒಂದೊಂದಕ್ಕೂ ಹಚ್ಚುತ್ತ ಹೋದರು. ಶರಣರೆಲ್ಲ ವಿಭೂತಿ ಧರಿಸಿ ಪಂಕ್ತಿಗೆ ಕುಳಿತಂತೆ ಕಂಡು ನನಗೆ ಮೈ ಜುಮ್ಮೆಂದಿತು.

ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತು, ಟ್ರಂಕಿನೊಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ದಿನವೂ ಬೆಳಿಗ್ಗೆ ಹೋಗಿ, ಕಿಟಕಿ ತೆರೆದು, ಒಣಬಟ್ಟೆಯಲ್ಲಿ ಒರೆಸಿ ಬರುತ್ತಿದ್ದೆ. ಬಾಗಿಲು ತೆರೆಯುವಾಗಲೆಲ್ಲ ಕೊಳೆತ ವಾಸನೆ ಇದೆಯೇ ಎಂದು ಮೊದಲು ಮೂಸುತ್ತಿದ್ದೆ. ಕೊಳೆತದ್ದು ಬೆರಳೆಣಿಕೆಯಷ್ಟು. ಆಷಾಢದಲ್ಲಿ ಒಂದು ದಿನ ಭಾವ ನೋಡಲು ಬಂದರು. ಮೂಗಿಗೆ ಟವೆಲ್ ಹಿಡಿದೇ ಒಳಗೆ ಬಂದವರು ನಿಧಾನವಾಗಿ ಅದನ್ನು ಇಳಿಸಿದರು.  ಹೊರಗೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು.

ಶ್ರಾವಣದಲ್ಲಿ ಬಶೀರಣ್ಣನ ಫೋನ್ ಬಂತು. "ಅಕ್ಕಾ, ಈಗ ಲಾರಿ ಬಿಡ್ತಾರೆ. ಓಣಂಗೆ ನಮ್ಮಲ್ಲಿ ಕುಂಬಳ ಇಲ್ಲವೇ ಇಲ್ಲ. ಇರೋದಷ್ಟೂ ನನಗೇ ಇಡಿ." ನನ್ನ ಸಂತೋಷ ಹೇಳತೀರದು. ಆದರೆ ಅದೇ ವಾರ ಕಾವೇರಿ ಉಕ್ಕಿದಳು. ಸಿದ್ದಾಪುರದ ಕಡೆ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ಅಲ್ಲಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಅಯ್ಯನವರ ಅಳಿಯ ಫೋನಿನಲ್ಲಿ, "ಮಾವ, ಶಾಲೆ ತುಂಬ ಜನ ಇದ್ದಾರೆ. ಅಕ್ಕಿ ಬಂದಿದೆ, ತರಕಾರಿ ಇಲ್ಲ. ಮಕ್ಕಳು ಬರೀ ಗಂಜಿ ಕುಡೀತಿದ್ದಾರೆ" ಎಂದರಂತೆ. ಅಯ್ಯನವರು ನನಗೆ ಅಷ್ಟನ್ನೇ ತಿಳಿಸಿದರು. ಕೊಡು ಎನ್ನಲಿಲ್ಲ.

ಕೊಟ್ಟರೆ ಬಶೀರಣ್ಣನ ಲಾರಿ ಖಾಲಿ ಹೋಗುತ್ತದೆ, ಗದ್ದೆ ನನ್ನ ಕೈ ತಪ್ಪುತ್ತದೆ. ಆದರೆ ನಾನು ದೇವರಲ್ಲಿ ಬೇಡಿದ್ದು ತಿನ್ನುವ ಬಾಯಿಯನ್ನು, ಲಾರಿಯನ್ನಲ್ಲ. "ಪಿಕಪ್ ಕಳಿಸಕ್ಕೆ ಹೇಳಿ ಅಯ್ನೋರೇ" ಎಂದೆ. ಪಿಕಪ್ ಮೂರು ಸಲ ಬಂದು ತುಂಬಿಕೊಂಡು ಹೋಯಿತು. ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ಹೆಂಗಸೊಬ್ಬಳು ಆ ರೈಟರ್ ಫೋನಿನಿಂದಲೇ, "ಅಮ್ಮಾ, ನನ್ನ ಮಗಳು ಇವತ್ತು ಎರಡ್ ಸಲ ಸಾಂಬಾರ್ ಕೇಳಿದ್ಳು" ಎಂದು ಹೇಳಿದಳು.

ಬಶೀರಣ್ಣ ಬಂದಾಗ ತಲೆ ತಗ್ಗಿಸಿ ನಡೆದದ್ದು ಹೇಳಿದೆ. ಅವರು, "ಅಕ್ಕಾ, ಹೋದ ವರ್ಷ ನಮ್ಮ ಮನೇಗೂ ಹೊಳೆ ಬಂದಿತ್ತು. ಕ್ಯಾಂಪಲ್ಲಿ ಊಟ ಮಾಡಿದವನು ನಾನು. ಉಳಿದದ್ದು ತುಂಬಿಸಿ" ಎಂದರು. ಭಾವನೂ ಹೊರಲು ಬಂದರು. ಅರ್ಧ ಲಾರಿಯೂ ಆಗಲಾರದೆಂದು ನಾನು ತಿಳಿದಿದ್ದೆ. ಹೊರುತ್ತಲೇ ಇದ್ದೆವು. ಲಾರಿ ತುಂಬಿ, ಟಾರ್ಪಾಲ್ ಎಳೆದು ಹಗ್ಗ ಬಿಗಿದಾಗ ಗೋಡೆಯುದ್ದಕ್ಕೂ ಇನ್ನೊಂದು ಸಾಲು ಉಳಿದಿತ್ತು! ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು. ನನ್ನ ಅಂದಾಜು ತಪ್ಪಿರಬೇಕು ಎನ್ನುವವರಿದ್ದಾರೆ. ವಾದ ಮಾಡುವುದಿಲ್ಲ. ಅವನ್ನು ದಿನವೂ ಒಂದೊಂದಾಗಿ ಒರೆಸಿದವಳು ನಾನು.

ಗುತ್ತಿಗೆಯ ಮಾತನ್ನು ಭಾವ ಮತ್ತೆ ಎತ್ತಲಿಲ್ಲ. ಆ ಸಲದ ಭತ್ತ ಕೊಯ್ದ ಮೇಲೆ ಒಂದು ಬೆಳಿಗ್ಗೆ ಟಿಲ್ಲರ್ ಸದ್ದು ಕೇಳಿ ಹೊರಬಂದರೆ, ಕುಂಬಳ ಹಾಕಲೆಂದು ನನ್ನ ಗದ್ದೆಯನ್ನು ಅವರೇ ಉಳುತ್ತಿದ್ದರು.

ಶರಣ ಬಂಧುಗಳೇ, ಕಷ್ಟ ಬಂದರೆ ನಾನು ಈಗಲೂ ಅಳುತ್ತೇನೆ. ಕೇಳಿಸಿಕೊಳ್ಳುವವನು ಇದ್ದಾನೆಂದು ತಿಳಿದು ಅಳುತ್ತೇನೆ. ಮಲ್ಲಯ್ಯನ ಪಾದಕ್ಕೆ ಶರಣು.