ಒಂದು ಇಟ್ಟೇವಲ್ಲಾ

ಅತ್ತಿಯ ತಲೆಯ ಮೇಲೆ ಎರಡು ಗೆರೆಗಳಿದ್ದವು. ಒಂದು, ಹಣೆಯಿಂದ ತುರುಬಿನವರೆಗೆ ಹೋಗುವ ಬೈತಲೆ. ಇನ್ನೊಂದು, ಹೆಡ್‌ಫೋನಿನ ಪಟ್ಟಿ ಕೂತು ಕೂತು ಕಿವಿಯಿಂದ ಕಿವಿಗೆ ಕೂದಲಲ್ಲಿ ಬಿದ್ದಿದ್ದ ತಗ್ಗು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಅದು ಹೋಗುತ್ತಿರಲಿಲ್ಲ. ಬೆಳಗಾವಿಯ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದಾಗ ಬಿದ್ದದ್ದೋ, ಖಾನಾಪುರದ ಮನೆಗೆ ಬಂದಮೇಲೆ ಹಾಡು ಕೇಳಿ ಕೇಳಿ ಬಿದ್ದದ್ದೋ ನನಗೆ ಗೊತ್ತಿಲ್ಲ. ಮುಂದೆ ಹೇಳಲಿರುವ ಸಂಗತಿ ನಡೆದಾಗ ನನಗೆ ಕಂಡದ್ದು ಈ ಎರಡು ಗೆರೆಗಳು, ಅವಳ ಮುಖವಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವಳು ಅಪ್ಪನ ತಂಗಿ. ಮದುವೆಯಾಗಲಿಲ್ಲ. ರೈಲಿನಲ್ಲಿ ಬೆಳಗಾವಿಗೆ ಹೋಗಿಬಂದು ನೌಕರಿ ಮಾಡಿದಳು, ನಿವೃತ್ತಳಾದಳು, ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಇದ್ದಳು. ಆ ಖೋಲಿಯ ಗೋಡೆಯುದ್ದಕ್ಕೂ ಒಬ್ಬನೇ ಮನುಷ್ಯ ತುಂಬಿಕೊಂಡಿದ್ದ. ಕಡಲಾಚೆಯ ಒಬ್ಬ ರಾಕ್ ಗಾಯಕ. ಗೋವಾದಿಂದ ಬಂದಿದ್ದ ಯಾರೋ ವಿದೇಶಿ ಹೆಂಗಸಿಗೆ ಅತ್ತಿ ಅವಳ ಊರಿಗೆ ಫೋನು ಹಚ್ಚಿಕೊಟ್ಟದ್ದಕ್ಕೆ ಆ ಹೆಂಗಸು ಒಂದು ಕ್ಯಾಸೆಟ್ ಕೊಟ್ಟು ಹೋದಳಂತೆ. ಅಲ್ಲಿಂದ ಶುರು. ಆಮೇಲೆ ಅತ್ತಿ ರಜೆ ಹಾಕಿ, ಕಣಕುಂಬಿಯ ಮೇಲೆ ಹೋಗುವ ಬಸ್ಸು ಹಿಡಿದು ಘಟ್ಟ ಇಳಿದು, ಗೋವಾದ ಸಂತೆಗಳಲ್ಲಿ ಪ್ರವಾಸಿಗಳು ಮಾರಿಹೋದ ಕ್ಯಾಸೆಟ್ಟುಗಳನ್ನು ಹುಡುಕಿ ತರುತ್ತಿದ್ದಳು. ಒಬ್ಬ ಹೆಣ್ಣುಮಗಳು ಒಬ್ಬಳೇ ಗೋವಾಕ್ಕೆ ಯಾಕೆ ಹೋಗುತ್ತಾಳೆ ಎಂದು ಊರು ಆಡಿಕೊಂಡಿತು. ಅವಳು ಮುಂದಿನ ರಜೆಗೆ ಮತ್ತೆ ಬಸ್ಸು ಹತ್ತಿದಳು.

ಅವಳಿಗೆ ಬೇಕಾಗಿದ್ದದ್ದು ಸ್ಟುಡಿಯೋದಲ್ಲಿ ಕೂತು ಹಾಡಿದ್ದಲ್ಲ. ಜನರ ಮುಂದೆ ನಿಂತು, ಒಂದೊಂದು ಊರಿನಲ್ಲಿ ಹಾಡಿದ್ದು. ಅದೇ ಹಾಡು ಈ ಊರಿನದು, ಆ ಊರಿನದು, ಹತ್ತು ವರ್ಷ ಬಿಟ್ಟು ಮತ್ತೆ ಅದೇ ಊರಿನದು. ಮುಂದೆ ಸೀಡಿಗಳು ಬಂದವು. ಒಂದು ಇಡೀ ಪ್ರವಾಸದ ಕಛೇರಿಗಳನ್ನೆಲ್ಲ ಒಂದೇ ದಪ್ಪ ಪೆಟ್ಟಿಗೆಯಲ್ಲಿ, ಚಿತ್ರದ ಪುಸ್ತಕದ ಜೊತೆ ಇಟ್ಟು ಮಾರುವ ಬಾಕ್ಸ್ ಸೆಟ್ಟುಗಳು ಬಂದವು. ನಿವೃತ್ತಿಯಾದ ಮೇಲೂ ಕೊರಿಯರ್ ಹುಡುಗ ಅವಳನ್ನು ಕೇಳಿಕೊಂಡು ಬರುತ್ತಿದ್ದ.

ಪ್ರೀತಿಯ ಮುದುಕಿ ಎಂದುಕೊಳ್ಳಬೇಡಿ. ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರೆ ಕೈ ಎತ್ತಿ ತಡೆಯುತ್ತಿದ್ದಳು. "ಸುಮ್ಮ ಇರು. ಅಂವ ಉಸರ ತಗೋಳಾಕತ್ತಾನ." ಒಮ್ಮೆ ನಾನು, ಹೋದವಾರ ಕೇಳಿಸಿದ ಹಾಡೇ ಅಲ್ಲವೇ ಇದು ಎಂದೆ. "ಹಾಡು ಅದಽ. ಅವತ್ತ ಅಂವಗ ನೆಗಡಿ ಆಗಿತ್ತು, ಕೇಳು," ಎಂದು ಹೆಡ್‌ಫೋನು ನನ್ನ ಕಿವಿಗೆ ಒತ್ತಿದಳು. ಒತ್ತಿದ್ದು ಎಂದರೆ ನೋಯುವ ಹಾಗೆ.

ಪ್ರತಿ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನೀಲಿ ಪೆನ್ನಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದಳು. "ಇಲ್ಲಿ ಮಾತು ಮರತಾನ." "ಇಲ್ಲಿ ಗಿಟಾರಿನ ತಂತಿ ಹರದೈತಿ, ನಿಲ್ಲಿಸಿಲ್ಲ." "ಇಲ್ಲಿ ಮಂದಿ ಒದರ್‍ಯಾರ, ಇಂವ ಸಿಟ್ಟಾಗ್ಯಾನ." ಹಾಡಿನ ಇಂಗ್ಲಿಷ್ ತಿಳಿಯುತ್ತದೆಯೇ ಎಂದು ಕೇಳಿದ್ದೆ. "ಅರ್ಧಾ ತಿಳಿಯೂದಿಲ್ಲ. ಮರತದ್ದು ಮಾತ್ರ ತಿಳೀತೈತಿ," ಎಂದಳು. ತಪ್ಪೇ ಇಲ್ಲದ ಒಂದು ಕ್ಯಾಸೆಟ್ ಇತ್ತು. ಅದರ ಹೊದಿಕೆ ಖಾಲಿ. ಅದನ್ನು ಒಮ್ಮೆ ಕೇಳಿ ಬಿಟ್ಟಿದ್ದಳು.

ನನ್ನ ಅಣ್ಣನ ಮದುವೆ ನಿಶ್ಚಯವಾದ ವರ್ಷ ಅವಳ ಮೊಣಕಾಲಿನ ಆಪರೇಷನ್ ಆಯಿತು. ಬೆಳಗಾವಿಯ ಆಸ್ಪತ್ರೆಯಿಂದ ಟಿಳಕವಾಡಿಯ ನನ್ನ ಬಾಡಿಗೆ ಮನೆಗೆ ಕರೆತಂದೆ. ನಡೆಯಲು ಬಂದಮೇಲೆ, ದೀಪಾವಳಿ ಕಳೆದು, ಕಾರಿನಲ್ಲಿ ಖಾನಾಪುರಕ್ಕೆ ಹೊರಟೆವು. ಆ ದಿನದ ನನ್ನ ಡೈರಿಯಲ್ಲಿ "ಅತ್ತಿಯನ್ನು ಮನೆಗೆ ಬಿಟ್ಟು ಬಂದೆ" ಎಂದಷ್ಟೇ ಇದೆ. ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಅದನ್ನೇ ಕಲಿಸುವವಳು ನಾನು, ಬೇಕಾದ ದಿನವೇ ಏನನ್ನೂ ಬರೆದಿಟ್ಟಿಲ್ಲ.

ನಮ್ಮ ಭತ್ತದ ಗದ್ದೆ ರಸ್ತೆಯ ಪಕ್ಕಕ್ಕೇ ಇದೆ. ದೂರದಿಂದಲೇ ಅದು ಮಿಂಚುತ್ತಿತ್ತು. ಬೆಳೆ ಹಣ್ಣಾಗಿತ್ತು. ಗದ್ದೆಯ ತುಂಬ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ಕಂದು ರೀಲು ಎಳೆದು ಕಟ್ಟಿದ್ದರು. ನಡುನಡುವೆ ಸೀಡಿಗಳು ತೂಗುತ್ತ ಬಿಸಿಲನ್ನು ಎತ್ತೆತ್ತಲೋ ಎರಚುತ್ತಿದ್ದವು. ಗಿಳಿಗಳನ್ನು ಓಡಿಸಲು ನಮ್ಮ ಕಡೆ ಹೀಗೆ ಮಾಡುವುದುಂಟು. ಬಿಗಿದ ರೀಲು ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿ ಹೆದರುತ್ತದೆ.

"ಗಾಡಿ ನಿಂದರಸು," ಎಂದಳು ಅತ್ತಿ.

ವಾಕರ್ ಹಿಡಿದು ಬದುವಿನ ಮೇಲೆ ನಿಂತಳು. ನಾನು ಹಿಂದೆ, ಅವಳ ಮೊಣಕೈ ಹಿಡಿದು. ಗಾಳಿ ಬೀಸಿತು, ರೀಲು ಗುಂಯ್ಗುಟ್ಟಿತು. ಹೆಡ್‌ಫೋನು ಹಾಕಿಕೊಂಡಾಗಿನಂತೆ ಅವಳ ತಲೆ ಒಂದು ಕಡೆ ವಾಲಿತು. ಅವಳಿಂದ ಒಂದು ಸಪ್ಪಳ ಬಂತು, ಚಿಕ್ಕದು, ಮೂಗಿನಿಂದಲೋ ಗಂಟಲಿನಿಂದಲೋ. ಆ ಸಪ್ಪಳದ ಬಗ್ಗೆಯೇ ನಮ್ಮ ಮನೆಯಲ್ಲಿ ಈಗ ಜಗಳ.

ಎದುರಿನ ಬದುವಿನಿಂದ ಅಪ್ಪ, ಅವನ ಹಿಂದೆ ಅಣ್ಣ, ಇಬ್ಬರೂ ಖುಷಿಯಿಂದ ಬಂದರು.

"ನೋಡ ತಂಗಿ, ಒಂದ ಗಿಳಿ ಬರವಲ್ಲದು," ಎಂದ ಅಪ್ಪ. "ಏನೂ ಒಗದಿಲ್ಲ ಮತ್ತ. ಎಲ್ಲಾ ಉಪಯೋಗಕ್ಕ ಹಚ್ಚೇವಿ. ಸೀಡಿ ಡಬ್ಬಿ ಭಾಳ ಚೊಲೋ ಅದಾವು. ಬೀಗರಿಗೆ ಕುಬಸದ ಖಣ ಅದರಾಗ ಇಟ್ಟ ಕೊಟ್ಟೇವಿ."

"ನನ್ನ ಖೋಲಿ ಕೀಲಿ ಯಾರು ತಗದ್ರು?"

"ಮದವಿ ಮಂದಿ ಎಲ್ಲಿ ಮಲಗಬೇಕವಾ? ನಿನ್ನ ಹಾಡೇನ ಹೋಗಿಲ್ಲ. ಎಲ್ಲಾದರ ಮ್ಯಾಲೂ ಅವಽ ಹಾಡು ಬರದಿದ್ದುವು. ಇಂವ ಓದಿ ಹೇಳಿದ. ಒಂದು ಇಟ್ಟೇವಲ್ಲಾ."

"ಖರೇನ ಅತ್ತಿ," ಎಂದ ಅಣ್ಣ. "ಉಳದದ್ದರ ಮ್ಯಾಲೆಲ್ಲಾ ನೀ ಗೀಚಿದ್ದಿ. ಸ್ವಚ್ಛ ಇದ್ದದ್ದು ಆರಿಸಿ ಇಟ್ಟೀನಿ."

ಖಾಲಿ ಹೊದಿಕೆಯ ಆ ಒಂದನ್ನು.

ಅತ್ತಿ ಅಪ್ಪನ ಕಡೆ ತಿರುಗಿದಳು. "ಅಣ್ಣಾ, ನೀ ಇವತ್ತ ಮುಂಜಾನಿ ಲಿಂಗಪೂಜಿ ಮಾಡಿದಿ?" ಎಂದು ಕೇಳಿದಳು.

"ಮಾಡಿದೆ."

"ಅದಽ ಲಿಂಗ, ಹಣಿಗೆ ಅದಽ ಈಬತ್ತಿ, ಅದಽ ವಚನ. ನಿನ್ನಿ ಮಾಡಿದ್ದಿ ಅಲ್ಲ, ಇವತ್ಯಾಕ ಮಾಡಿದಿ?"

"ಅದಕ್ಕೂ ಇದಕ್ಕೂ ಏನ ಸಂಬಂಧ?"

"ಬಿಚ್ಚು."

"ಏನು?"

"ರೀಲ ಬಿಚ್ಚು. ನೀನಽ ಬಿಚ್ಚಬೇಕು, ಆಳಿನ ಕೈಲೆ ಅಲ್ಲ. ನಾ ಇಲ್ಲೇ ಕುಂದರ್ತೀನಿ."

ಮದುವೆಗೆಂದು ತರಿಸಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅಣ್ಣ ತಂದ. ಅವಳು ಅದರಲ್ಲಿ ಕೂತಳು. ಅಪ್ಪ ಗೂಟದಿಂದ ಗೂಟಕ್ಕೆ ಹೋಗಿ ರೀಲು ಬಿಚ್ಚಿ ಗೋಣಿಚೀಲಕ್ಕೆ ತುಂಬಿದ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಬಿಚ್ಚಿದ ಕಡೆಗೆ ಗಿಳಿಗಳು ಇಳಿದವು. ಅದಕ್ಕೂ ಮೊದಲೇ ರೀಲಿನ ಮೇಲೆ ಗಿಳಿಗಳು ಸಾಲಾಗಿ ಕೂತಿದ್ದವು ಎಂದೂ ನನಗೆ ನೆನಪಿದೆ. ಅದು ನಿಜವಿರಲಾರದು, ಅಷ್ಟು ತೆಳ್ಳನೆಯ ರೀಲು ಗಿಳಿಯ ಭಾರ ತಡೆಯುವುದಿಲ್ಲ. ಅಪ್ಪನ ಉಪಾಯ ಕೆಲಸಕ್ಕೆ ಬರದಿರಲಿ ಎಂದು ನನ್ನ ಸಿಟ್ಟು ಅವುಗಳನ್ನು ಅಲ್ಲಿ ಕೂರಿಸಿರಬೇಕು. ಉಪಾಯ ಚೆನ್ನಾಗಿಯೇ ಕೆಲಸ ಮಾಡಿತ್ತು. ನನಗೆ ಇನ್ನೂ ಸಿಟ್ಟು ಬರುವುದು ಅದಕ್ಕೇ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಅವರು ಆರಿಸಿ, ಕೂಡಿಸಿ, ಮಿತವ್ಯಯದಿಂದ ಅವಳ ಬದುಕನ್ನು ಉಪಯೋಗಕ್ಕೆ ಹಚ್ಚಿದ್ದರು.

ಆ ರೀಲು ಮತ್ತೆ ಹಾಡಲಿಲ್ಲ. ಬಿಸಿಲು ಇಬ್ಬನಿ ತಿಂದು ಸುಕ್ಕಾಗಿತ್ತು. ಸೀಡಿಗಳಿಗೆ ತೂತು ಕೊರೆದು ದಾರ ಪೋಣಿಸಿದ್ದರು, ನಡುವೆ ಒಂದು ತೂತು ಮೊದಲೇ ಇದ್ದರೂ. ಗೋಣಿಚೀಲ ಅವಳ ಮಂಚದ ಕೆಳಗೆ ಹೋಯಿತು. ಮದುವೆಯ ಮಂದಿ ಯಾರೂ ಆ ಖೋಲಿಯಲ್ಲಿ ಮಲಗಲಿಲ್ಲ. ಅವಳು ಅಕ್ಷತೆ ಹಾಕಿದಳು, ಅಣ್ಣನ ಹೆಂಡತಿಯನ್ನು ಚೆನ್ನಾಗಿಯೇ ಮಾತಾಡಿಸಿದಳು. ಅಪ್ಪನ ಜೊತೆ ಹಾಲು, ಕರೆಂಟು, ಮಳೆ ಇಷ್ಟನ್ನೇ ಆಡಿದಳು. ಅವನ ಪಕ್ಕ ಊಟಕ್ಕೆ ಮಾತ್ರ ಮತ್ತೆ ಕೂರಲಿಲ್ಲ. ಬೀಗರ ಮನೆಯಲ್ಲಿ ಆ ಗಾಯಕನ ಮುಖವಿರುವ ಪೆಟ್ಟಿಗೆಯಲ್ಲಿ ಈಗಲೂ ಸೂಜಿ ದಾರ ಇಡುತ್ತಾರೆ. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಹೋದ ವರ್ಷ ಅತ್ತಿ ತೀರಿಕೊಂಡಳು, ಹೃದಯ ನಿಂತು. ಶಿವಗಣಾರಾಧನೆಯ ದಿನ, ಊಟವಾದ ಮೇಲೆ, ಅಪ್ಪ ನೆಂಟರ ಮುಂದೆ ಈ ಕತೆ ಹೇಳಿದ. ಕಣ್ಣೊರೆಸಿಕೊಳ್ಳುತ್ತಲೇ ಹೇಳಿದ. "ನಮ್ಮ ತಂಗಿದು ದೊಡ್ಡ ಮನಸು. ಹೊಲದಾಗ ನೋಡಿದಾಕಿನ ನಕ್ಕಬಿಟ್ಲು." ಎಲ್ಲರೂ ಸಮಾಧಾನದಿಂದ ನಕ್ಕರು.

"ಅತ್ತಿ ನಗಲಿಲ್ಲಪ್ಪಾ," ಎಂದೆ.

"ನೀ ಹಿಂದ ನಿಂತಿದ್ದಿ ಯವ್ವಾ. ನಾ ಎದುರಿಗೆ ಇದ್ದೆ. ಆಕಿ ಮಾರಿ ನೋಡೀನಿ."

ಅದು ನಿಜ. ನಾನು ಕಂಡದ್ದು ಬೈತಲೆ ಮತ್ತು ಆ ತಗ್ಗು. ಆದರೆ ನನ್ನ ಕೈಯಲ್ಲಿ ಅವಳ ಮೊಣಕೈ ಇತ್ತು. ನಗುವವರ ಮೊಣಕೈ ಹಾಗೆ ಕಲ್ಲಾಗುವುದಿಲ್ಲ. ಇದೂ ಸಾಕ್ಷಿಯೇ? ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ. ಆದರೂ ಬಿಟ್ಟುಕೊಡುವುದಿಲ್ಲ. ಅವಳಿಗೆಂದು ಉಳಿದದ್ದು ಆ ಸಿಟ್ಟೊಂದೇ. ಅದನ್ನೂ ದೊಡ್ಡ ಮನಸು ಎಂದು ಕರೆದು ಉಪಯೋಗಕ್ಕೆ ಹಚ್ಚಲು ನಾನು ಬಿಡುವುದಿಲ್ಲ.

ಅವರು ಆರಿಸಿ ಇಟ್ಟಿದ್ದ ಆ ಒಂದು ಕ್ಯಾಸೆಟ್ ಈಗ ನನ್ನ ಬಳಿ ಇದೆ. ನನ್ನ ಮಾತನ್ನಷ್ಟೇ ಇಟ್ಟುಕೊಂಡು ಅಪ್ಪನದನ್ನು ಒಗೆದುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದೆ. ಒಂದನ್ನು ಇಟ್ಟು ಉಳಿದದ್ದನ್ನು ಒಗೆಯುವ ಕೆಲಸ ಈ ಮನೆಯಲ್ಲಿ ಒಮ್ಮೆ ಆಗಿದೆ, ಸಾಕು. ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಆ ಖಾಲಿ ಹೊದಿಕೆಯ ಮೇಲೆ ಬರೆದಿದ್ದೇನೆ: ನೋಡಿದಾಕಿನ ನಕ್ಕಬಿಟ್ಲು. ಅದರ ಕೆಳಗೆ, ನೀಲಿ ಪೆನ್ನಿನಲ್ಲಿ, ಅತ್ತಿ ಬರೆಯುತ್ತಿದ್ದ ಹಾಗೆ: ಇಲ್ಲಿ ಮಾತು ಮರತಾನ.