ಬೆನ್ನ ಹಿಂದಿನ ನಿರಿಗೆಗಳು

ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನ ಮುಂದೆ ಕೂತು ಒಮ್ಮೆ ಸೈನ್ಯದ ಬ್ಯಾಂಡು ನೋಡಿದ್ದೆ. ದಪ್ಪ ಮೀಸೆಯ ಗಂಡಸರು ಮೊಣಕಾಲಿನವರೆಗಿನ, ನಿರಿಗೆ ಲಂಗದಂಥ ಚೌಕಳಿ ಕಿಲ್ಟ್ ಉಟ್ಟು, ಚೀಲದಂಥ ವಾದ್ಯ ಊದುತ್ತ ನಡೆಯುತ್ತಿದ್ದರು. ಊದಿದ್ದು ಏನೆಂದು ಮರೆತುಹೋಗಿದೆ. ಅವರು ದಾಟಿಹೋದ ಮೇಲೆ ಹಿಂದಿನಿಂದ ಕಂಡ ನಿರಿಗೆಗಳು ಮಾತ್ರ ಇನ್ನೂ ತೂಗುತ್ತಿವೆ, ಎಲ್ಲ ಒಮ್ಮೆ ಎಡಕ್ಕೆ, ಎಲ್ಲ ಒಮ್ಮೆ ಬಲಕ್ಕೆ. ಎಷ್ಟೋ ವರ್ಷ ಅದು ಕನಸಿನಲ್ಲಿ ಬರುತ್ತಿತ್ತು. ಕನಸಿನಲ್ಲಿ ಆ ರಸ್ತೆ ಮುಗಿಯುತ್ತಲೇ ಇರಲಿಲ್ಲ.

ನಲವತ್ತು ದಾಟಿದ ಮೇಲೆ, ನಾವು ನೆಲೆಸಿದ ಮರಾಠಿ ಊರಿನ ಸದಾಶಿವ ಪೇಠದಲ್ಲಿ ನಾಟಕದ ಬಟ್ಟೆ ಹೊಲಿಯುವ ದರ್ಜಿಯ ಬಳಿ ಹೋಗಿ ಒಂದು ಕಿಲ್ಟ್ ಹೊಲಿಸಿದೆ. "ಕುಠಲ್ಯಾ ನಾಟಕಾಸಾಠಿ?" ಎಂದು ಕೇಳಿದರು. ನಾಟಕಕ್ಕಲ್ಲ, ದಿನಾ ಉಡಲಿಕ್ಕೆ ಎಂದು ನನ್ನ ಮರಾಠಿಯಲ್ಲಿ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಟೇಪನ್ನು ಕೊರಳಿನಿಂದ ಇಳಿಸಿದರು. ಆಮೇಲೆ ಅಳತೆ ತೆಗೆದುಕೊಂಡರು.

ಮೊದಲ ದಿನವೇ ಎಡವಟ್ಟಾಯಿತು. ನಿರಿಗೆ ಎಂದರೆ ಮುಂದೆ ಇರುವುದು. ಇದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡದ ಪಾಠ. ಅವ್ವನ ಸೀರೆಯಲ್ಲೂ ಹೆಂಡತಿಯ ಇಳಕಲ್ ಸೀರೆಯಲ್ಲೂ ಕಂಡದ್ದು ಅದೇ. ನಾನೂ ನಿರಿಗೆಗಳನ್ನೆಲ್ಲ ಹೊಟ್ಟೆಯ ಮುಂದೆ ಹರಡಿಕೊಂಡು, ನಿಗಡಿಯ ನಮ್ಮ ವಸತಿ ಸೊಸೈಟಿಯ ಗೇಟಿನವರೆಗೆ ಹೋದೆ. ಯಾದಗಿರಿ ಕಡೆಯ ವಾಚ್‌ಮನ್ ಕುರ್ಚಿಯಿಂದ ಎದ್ದು, "ಪ್ಯಾಂಟ್ ಒಣಗಿಲ್ಲೇನ್ರಿ ಸಾಹೇಬ್ರ?" ಎಂದ, ನಿಜವಾದ ಕಾಳಜಿಯಿಂದ. ಅದಕ್ಕಿಂತ ಬೇಸರವೆಂದರೆ ಬಟ್ಟೆ ತೂಗುತ್ತಿರಲಿಲ್ಲ, ಮೊಣಕಾಲಿಗೆ ಬಡಿಯುತ್ತಿತ್ತು. ಆಗ ಬ್ಯಾಂಡಿನವರ ಬೆನ್ನು ನೆನಪಾಯಿತು. ವಾಪಸು ಹೋಗುವಾಗ ಖಾಲಿ ಲಿಫ್ಟಿನಲ್ಲೇ ನಿರಿಗೆ ಹಿಂದೆ ಬರುವಂತೆ ತಿರುಗಿಸಿ ಉಟ್ಟುಕೊಂಡೆ.

ಆಮೇಲೆ ಹಾಲು ತರುವುದಕ್ಕೂ ಅದೇ, ಪಿಂಪ್ರಿಯ ಕಚೇರಿಗೂ ಅದೇ. ಲುಂಗಿ ಇದೆಯಲ್ಲ ಎಂದರು ಕಚೇರಿಯವರು. ಲುಂಗಿ ಮಲಗುವುದಕ್ಕೆ, ಇದು ನಡೆಯುವುದಕ್ಕೆ ಎಂದೆ. ನಡೆಯುವಾಗ ಕಾಲಿಗೆ ಗಾಳಿ ತಾಗುತ್ತಿತ್ತು, ಊರಿನ ಗದ್ದಲವೆಲ್ಲ ಎಲ್ಲೋ ದೂರದಲ್ಲಿ ಇದ್ದಂತೆ ಅನಿಸುತ್ತಿತ್ತು.

ಹೆಂಡತಿಗೆ ಮಾತ್ರ ನಾಚಿಕೆಯಾಯಿತು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರ್ರಿ. ಮನ್ಯಾಗ ಏನರೆ ಉಟ್ಕೋರಿ, ಮಾರ್ಕೆಟ್ಟಿಗಿ ಯಾಕ?" ಎಂದಳು. ನಾನು ಮೊಂಡ, ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾದಾಗಿನಿಂದ ಭಾನುವಾರ ಸಂಜೆ ತರಕಾರಿಗೆ ಹೋಗುವಾಗ ಚೀಲದ ಒಂದು ಹಿಡಿಕೆ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಈಗ ಅವಳು, "ನೀವು ಮುಂದ ನಡೀರಿ, ನಾ ಹಿಂದಿಂದ ಬರ್ತೀನಿ," ಎಂದು ಪರಿಚಯವಿಲ್ಲದವಳಂತೆ ದೂರ ಉಳಿಯತೊಡಗಿದಳು. ಜನ ನಕ್ಕರೆ ನನಗೇನೂ ಅನಿಸುತ್ತಿರಲಿಲ್ಲ. ಚೀಲದ ಎರಡೂ ಹಿಡಿಕೆ ನನ್ನ ಕೈಗೇ ಬಂದದ್ದು ತುಂಬ ನೋಯಿಸಿತು.

ಹಬ್ಬದ ದಿನ ಅವಳು ಸೀರೆ ಉಡುವಾಗ ಮೊಣಕಾಲೂರಿ ಕೂತು, ನಿರಿಗೆಯ ತುದಿ ಹಿಡಿದು ಸರಿಮಾಡುವುದು ನನ್ನ ಕೆಲಸ. ಅವ್ವನ ಕಣ್ಣಿಗೆ ಬಿದ್ದರೆ ನಾಚಿಕೆಯೆಂದು ಬಾಗಿಲು ಹಾಕಿಕೊಂಡೇ ಮಾಡುವ ಕೆಲಸ. ಈಚೆಗೆ ಅದಕ್ಕೂ ಕರೆಯುವುದನ್ನು ಬಿಟ್ಟಿದ್ದಳು.

ಮಳೆ ಬಂದು ನಿಂತ ಒಂದು ಭಾನುವಾರ, ಇದೇ ಕೊನೆ, ನಾಳೆಯಿಂದ ಪ್ಯಾಂಟು ಎಂದು ಮನಸ್ಸಿನಲ್ಲೇ ಅಂದುಕೊಂಡು ಮಾರ್ಕೆಟ್ಟಿಗೆ ಹೊರಟೆ. ಒದ್ದೆ ರಸ್ತೆಯ ಮೇಲೆ ಅಂಗಡಿಗಳ ದೀಪ ಬಿದ್ದಿತ್ತು. ಕನಸಿನ ರಸ್ತೆ ಇಲ್ಲಿಗೆ ಮುಗಿಯಿತು ಅನಿಸಿ ದುಃಖವಾಯಿತು.

"ನಿಲ್ರಿ ಸ್ವಲ್ಪ," ಎಂದು ಹಿಂದಿನಿಂದ ಅವಳ ದನಿ ಬಂತು. ನಿಂತೆ. "ತಿರಗಬ್ಯಾಡ್ರಿ."

ಕೊತ್ತಂಬರಿ ಮಾರುವವಳು ಕಟ್ಟು ಕಟ್ಟುವುದನ್ನು ಬಿಟ್ಟು ನಮ್ಮನ್ನೇ ನೋಡಿದಳು. ಸ್ಕೂಟರೊಂದು ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು. ಕತ್ತು ಮಾತ್ರ ಹೊರಳಿಸಿ ನೋಡಿದರೆ, ಹೆಂಡತಿ ನಡುರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ನನ್ನ ಕಿಲ್ಟಿನ ಒಂದೊಂದೇ ನಿರಿಗೆಯನ್ನು ಬೆರಳಿನಿಂದ ತೀಡಿ ಕೆಳಗೆ ಎಳೆಯುತ್ತಿದ್ದಳು.

"ಕೂತು ಕೂತು ಎಲ್ಲಾ ಮುದುಡ್ಯಾವ. ಹಿಂದ ಬರಾಕಿಗೆ ದಿನಾ ಕಾಣಸ್ತದ, ನಿಮಗೇನ್ ಗೊತ್ತ?"

ಎದ್ದು ಸೆರಗಿಗೆ ಕೈ ಒರೆಸಿಕೊಂಡು ಪಕ್ಕಕ್ಕೆ ಬಂದಳು. ಚೀಲ ಇನ್ನೂ ಖಾಲಿಯೇ ಇತ್ತು. ಅದರ ಒಂದು ಹಿಡಿಕೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.