ಸಿಮೆಂಟ್ ತಗೊಂಡರೆ ಪ್ಲಾನ್ ಫ್ರೀ

ಕಳೆದ ವಾರ ಹೊನ್ನಾಳಿಯ ನಮ್ಮಣ್ಣನ ಮನೆಯ ಪಡಸಾಲೆಯಲ್ಲಿ ಐದು ಜನ ಗಂಡಸರು ಕೂತು, ಒಬ್ಬ ಆರ್ಕಿಟೆಕ್ಟ್ ತಿಂಗಳಿಗೆ ಎಷ್ಟು ದುಡಿಯಬಹುದು ಎಂದು ಎರಡು ಗಂಟೆ ವಾದ ಮಾಡಿದೆವು. ಐವರಲ್ಲಿ ಒಬ್ಬರೂ ಆರ್ಕಿಟೆಕ್ಟನ್ನು ಕಣ್ಣಾರೆ ನೋಡಿದವರಲ್ಲ.

(ಅತ್ತಿಗೆ ಎರಡು ಸಲ ಕಾಫಿ ತಂದುಕೊಟ್ಟರು. ಅವರನ್ನು ಯಾರೂ ಏನೂ ಕೇಳಲಿಲ್ಲ.)

ವಿಷಯ ಇಷ್ಟೇ. ಅಣ್ಣ ರುದ್ರಪ್ಪನ ಮಗಳು ಗಿರಿಜಾ ಪಿಯುಸಿ ಮುಗಿಸಿದ್ದಾಳೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿದೆ. ಶುಕ್ರವಾರದೊಳಗೆ ಫೀಸು ಕಟ್ಟಿ ಸೇರಬೇಕು. ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ.

ಅಣ್ಣನಿಗೆ ಮೊದಲ ತಕರಾರು ಐದು ವರ್ಷದ್ದು. ಎಂಜಿನಿಯರಿಂಗೇ ನಾಲ್ಕು ವರ್ಷಕ್ಕೆ ಮುಗಿಯುವಾಗ ಇದಕ್ಕೇಕೆ ಐದು? ಎರಡನೆಯದು ಹಾಸ್ಟೆಲ್ಲು. ಮೂರನೆಯದು ಡ್ರಾಯಿಂಗ್ ಬೋರ್ಡು, ನೇರ ಗೆರೆಗೆ ಟಿ-ಸ್ಕ್ವೇರು, ಪರದೇಶದ ಪೆನ್ನು. ಇದೆಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ.

"ಇಷ್ಟೆಲ್ಲಾ ಸುರಿದ ಮೇಲೆ ಅವಳು ಮಾಡೋದೇನು? ಗೆರೆ ಎಳೆಯೋದು. ನಮ್ಮ ಕಡೆ ಗೆರೆಗೆ ಯಾರು ಕಾಸು ಕೊಡ್ತಾರೋ?"

ಇಲ್ಲಿ ನಾನು ಎದ್ದು ನಿಂತು ಹುಡುಗಿಯ ಪರವಾಗಿ ಮಾತಾಡಿದೆ ಎಂದು ಬರೆದರೆ ಅಂಕಣ ಚೆನ್ನಾಗಿ ಕಾಣುತ್ತದೆ. ಮೊದಲು ಹಾಗೇ ಬರೆದಿದ್ದೆ. ಮಜಾ ಏನೆಂದರೆ, ಬರೆದ ಮೇಲೆ ಹಾಗೇ ನಡೆದದ್ದೆಂದು ನೆನಪೂ ಆಗತೊಡಗಿತ್ತು. ಹಾಳೆ ಹರಿದು ಹಾಕಿದೆ. ಚನ್ನಗಿರಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ನಾನು ಅಂದು ನಿಜಕ್ಕೂ ಹೇಳಿದ್ದು ಇದು: "ಬಿ.ಎಸ್ಸಿ. ಮಾಡಿ, ಆಮೇಲೆ ಬಿ.ಎಡ್. ಮಾಡಿದರೆ ಹೆಂಗೆ?"

ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ನಾನು ಕಾಫಿ ಲೋಟ ನೋಡಿದೆ.

ಈಗ ಅಣ್ಣನ ಅಂಗಡಿಯ ಬಗ್ಗೆ ಹೇಳಬೇಕು. ಅವನದು ಸಿಮೆಂಟು, ಕಬ್ಬಿಣದ ವ್ಯಾಪಾರ. ಸಿಮೆಂಟಿನ ಪರ್ಮಿಟ್ಟಿಗೆ ಕಚೇರಿ ಮುಂದೆ ಕಾಯುತ್ತಿದ್ದ ಕಾಲ ಹೋಯಿತು. ಈಗ ಬಸ್ ಸ್ಟ್ಯಾಂಡಿನ ಸುತ್ತ ಅಂಥವೇ ನಾಲ್ಕು ಅಂಗಡಿಗಳಿವೆ. ಆದರೆ ಗೋವಿನಕೋವಿಯವರು, ನ್ಯಾಮತಿಯವರು, ಅಷ್ಟೇಕೆ, ಹತ್ತಿರದಲ್ಲೇ ಬೇರೆ ಅಂಗಡಿ ಇರುವ ತ್ಯಾವಣಿಗೆಯವರು ಕೂಡ ಹುಡುಕಿಕೊಂಡು ಬರುವುದು ಅಣ್ಣನ ಅಂಗಡಿಗೇ. ಯಾಕೆ? ಗಲ್ಲಾದ ಮೇಲೆ ಒಂದು ತಗಡಿನ ಬೋರ್ಡಿದೆ: 'ಸಿಮೆಂಟ್ ತಗೊಂಡರೆ ಪ್ಲಾನ್ ಫ್ರೀ.'

ಆ ಪ್ಲಾನ್ ಹಾಕುವವಳು ಗಿರಿಜಾ. ಹೈಸ್ಕೂಲಿನಿಂದಲೂ.

ಪಂಚಾಯ್ತಿಗೆ ಕೊಡುವ ನಕ್ಷೆ ಬೇರೆ, ಅದಕ್ಕೆ ಸಹಿ ಹಾಕುವವರು ಬೇರೆ. ಜನ ಮನೆ ಕಟ್ಟುವುದು ಮಾತ್ರ ಇವಳ ಹಾಳೆ ನೋಡಿ. ನಮ್ಮ ಕಡೆ ಮನೆಗೆ ಮೊದಲು ಆಯ ನೋಡುತ್ತಾರೆ. ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಸಂಖ್ಯೆ ಬೆಸ ಬಂದರೆ ಶುಭ. ಆಯ ಕೂಡಿಸಲು ಹೋಗಿ ಕಿಟಕಿಯನ್ನೇ ಮರೆತ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಗಿರಿಜಾ ಆಯವೂ ಕೆಡದಂತೆ, ಒಲೆಯ ಹೊಗೆಯೂ ಆಚೆ ಹೋಗುವಂತೆ ಗೆರೆ ಎಳೆಯುತ್ತಾಳೆ. ಚನ್ನಗಿರಿಯ ನನ್ನ ಅಡುಗೆಮನೆಯ ಪ್ಲಾನೂ ಅವಳದೇ. ಈಗ ನನ್ನ ಹೆಂಡತಿ ಕೆಮ್ಮದೆ ರೊಟ್ಟಿ ತಟ್ಟುತ್ತಾಳೆ.

ಪಡಸಾಲೆಯ ಐವರಲ್ಲಿ ಒಬ್ಬರು ರಹೀಂ ಸಾಬರು. ಹೊನ್ನಾಳಿಯ ಅರ್ಧ ಗೋಡೆಗಳನ್ನು ಎಬ್ಬಿಸಿದ ಮೇಸ್ತ್ರಿ. ಅಣ್ಣ ಅವರನ್ನು ಕರೆಸಿದ್ದೇ ಸಾಕ್ಷಿ ಹೇಳಿಸಲು. "ನೀನೇ ಹೇಳಪ್ಪಾ, ಬರೀ ಪ್ಲಾನಿಗೆ ಅಂತ ಇಲ್ಲೀತಂಕ ನಿಂಗೆ ಯಾರಾದ್ರೂ ದುಡ್ಡು ಕೊಟ್ಟಾರಾ?"

ರಹೀಂ ಸಾಬರು ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟರು.

"ಇಲ್ಲ ಸಾವ್ಕಾರ್ರೆ, ಕೊಟ್ಟಿಲ್ಲ. ಆದ್ರೆ ಸಿಮೆಂಟು ನಾಲ್ಕೂ ಅಂಗಡ್ಯಾಗೂ ಒಂದೇ ಐತಲ್ರಿ. ಜನ ನಿಮ್ಮಲ್ಲಿಗೆ ಬರಾದು ಸಿಮೆಂಟ್ ತಗಳಾಕಾ, ಮಗಳ ಕೈಯಾಗೆ ಪ್ಲಾನ್ ಹಾಕಿಸ್ಕಳಾಕಾ?"

ಅಣ್ಣ ನಕ್ಕುಬಿಟ್ಟ. ಅದು ಬೇರೆ, ಇದು ಬೇರೆ ಎಂದ. ಆಗ ಬಾಗಿಲಿನಿಂದ ಗಿರಿಜಾ ಕೇಳಿದಳು. ಗಟ್ಟಿಯಾಗೇನೂ ಅಲ್ಲ.

"ಅಪ್ಪಾಜಿ, ನಾ ಬೆಂಗಳೂರಿಗೆ ಹೋಗದಿದ್ರೆ ಅಂಗಡಿ ಪ್ಲಾನು ನಾನೇ ಹಾಕ್ಬೇಕಾ?"

"ಮತ್ತಿನ್ಯಾರು? ಹೆಂಗೂ ಮನೇಲಿ ಖಾಲಿ ಕುಂತಿರ್ತೀಯಲ್ಲ."

ಗೆರೆಗೆ ಬೆಲೆಯಿಲ್ಲ ಎಂದು ಎರಡು ಗಂಟೆ ವಾದಿಸಿದವನು ಆ ಗೆರೆಯನ್ನು ಬಿಟ್ಟುಕೊಡಲು ತಯಾರಿಲ್ಲ! ಡಿಗ್ರಿಯ ಖರ್ಚನ್ನು ನಾವು ಪೈಸೆ ಬಿಡದೆ ಕೂಡಿಸುತ್ತೇವೆ. ಓದಿಸದೆ ಮನೆಯಲ್ಲಿ ಕೂರಿಸಿಕೊಂಡು ಪಡೆದ ದುಡಿಮೆಯನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೇವೆ? ಈ ಪದವಿಯಿಂದ ಹೊಟ್ಟೆ ತುಂಬೀತೇ ಎಂದು ಕೇಳುತ್ತೇವೆ. ಪದವಿಯಿಲ್ಲದೆಯೇ ಅವಳು ಯಾರ ಹೊಟ್ಟೆ ತುಂಬಿಸುತ್ತಿದ್ದಾಳೆ ಎಂದು ಯಾಕೆ ಕೇಳುವುದಿಲ್ಲ?

ಅಂದು ತೀರ್ಮಾನವಾಗದೆ ಎದ್ದೆವು. ಗುರುವಾರ ಸ್ಕೂಲಿಗೆ ರಜೆ ಹಾಕಿ, ಮೊದಲ ವರ್ಷದ ಫೀಸಿಗೆ ಆಗುವಷ್ಟು ದುಡ್ಡು ಜೇಬಿನಲ್ಲಿಟ್ಟುಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆದುರೇ ಗಲ್ಲಾದ ಮೇಲೆ ದುಡ್ಡಿಟ್ಟು, ಇದು ನನ್ನ ಅಡುಗೆಮನೆಯ ಪ್ಲಾನಿನ ಬಾಬ್ತು, ಗಿರಿಜಾಗೆ ಕೊಡು, ಅವಳು ಫೀಸು ಕಟ್ಟಿಕೊಳ್ಳಲಿ ಎಂದೆ.

ಅಣ್ಣನ ಮುಖ ಕೆಂಪಾಯಿತು. "ನಾಲ್ಕು ಜನದ ಮುಂದೆ ನನ್ನ ಮಗಳ ಫೀಸು ನೀ ಕಟ್ತೀಯಾ? ನಾನೇನು ಸತ್ತೀನಾ?"

ದುಡ್ಡನ್ನು ನನ್ನತ್ತ ತಳ್ಳಿದ. ಸಂಜೆಯೇ ಮಗಳನ್ನು ಕರೆದುಕೊಂಡು ತಾನೂ ಬೆಂಗಳೂರಿಗೆ ಹೊರಟ. ಶುಕ್ರವಾರ ಫೀಸು ಕಟ್ಟಿದ. ಐದು ವರ್ಷದ ಓದು, ಮುಂದಿನ ದುಡಿಮೆ, ಹುಡುಗಿಯ ಕೈಚಳಕ, ಯಾವುದೂ ಅವನನ್ನು ಕದಲಿಸಿರಲಿಲ್ಲ. ಕದಲಿಸಿದ್ದು ಅಂಗಡಿಯಲ್ಲಿ ನಿಂತಿದ್ದ ನಾಲ್ಕು ಗಿರಾಕಿಗಳು. ಇದನ್ನು ಗೆಲುವು ಎನ್ನಬೇಕೆ?

ಬೋರ್ಡು ಇನ್ನೂ ಅಲ್ಲೇ ಇದೆ. ರಜಕ್ಕೆ ಬಂದಾಗ ಹಾಕಿಕೊಡುತ್ತಾಳೆ ಬಿಡು ಎಂದು ಅಣ್ಣ ಗುರುವಾರ ಸಂಜೆ ಬೆಂಗಳೂರಿನ ಬಸ್ಸಿನ ಕಿಟಕಿಯಿಂದ ಹೇಳಿದ. ಪಕ್ಕದಲ್ಲಿ ಗಿರಿಜಾ ತನ್ನ ಹಳೇ ಟಿ-ಸ್ಕ್ವೇರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನಗೆ ಕೈ ಬೀಸಿದಳು, ನಾನೂ ಬೀಸಿದೆ.

ಅಣ್ಣ ತಳ್ಳಿದ ದುಡ್ಡು ನನ್ನ ಜೇಬಿನಲ್ಲೇ ಇದೆಯೆಂದು ಬಸ್ಸು ಹೊರಟ ಮೇಲೆ ನೆನಪಾಯಿತು ಎಂದು ಬರೆಯಬಹುದು. ಅದೂ ಸುಳ್ಳು. ಕೈ ಬೀಸುವಾಗಲೇ ನೆನಪಿತ್ತು.

ನನ್ನ ಅಡುಗೆಮನೆಯ ಪ್ಲಾನ್ ಈಗಲೂ ಫ್ರೀ.